ಹಿತ್ತಲಿಗೊಂದು ತಣ್ಣನೆಯ ಕಲ್ಲು

ಪಕ್ಕದ ಮನೆಯ ಬೀಗದ ಕೈ ಮಳೆಗಾಲದಿಂದ ನಮ್ಮ ಅಡುಗೆಮನೆಯ ಮೊಳೆಯಲ್ಲಿ ನೇತಾಡುತ್ತಿದೆ. ಆ ಮನೆಯ ಯಜಮಾನರು ತೀರಿಕೊಂಡ ಮೇಲೆ ಅವರ ತಮ್ಮನ ಮಗ ಗುಲ್ಬರ್ಗಾದಿಂದ ಬಂದು, ಕಾರ್ಯ ಮುಗಿಸಿ, ಮನೆ ಕೊಳ್ಳಲು ಬರುವವರಿಗೆ ತೋರಿಸಿ ಎಂದು ನನಗೆ ಒಪ್ಪಿಸಿ ಹೋದ. ಮಕ್ಕಳಿಗೆ ಪಾಠ ಹೇಳಿಕೊಂಡಿದ್ದವಳಿಗೆ ಮನೆ ದಲ್ಲಾಳಿ ಕೆಲಸ ಎಲ್ಲಿ ಬರುತ್ತದಪ್ಪಾ ಎಂದೆ. ಅವನು ನಕ್ಕು ಬೀಗದ ಕೈ ಕೈಗಿಟ್ಟ. ಅಂದಿನಿಂದ ಬಂದವರಿಗೆಲ್ಲ ಬಾಗಿಲು ತೆಗೆಯುವುದು, ನಲ್ಲಿ ತಿರುಗಿಸಿ ತೋರಿಸುವುದು, ಬಾವಿ ಬತ್ತಿಲ್ಲ ಎಂದು ಆಣೆ ಇಡುವುದು ನನ್ನ ಪಾಲಿಗೆ ಬಂದಿದೆ.

ಹೋದ ಭಾನುವಾರ ಬಂದವರು ರಾಜಾಜಿನಗರದ ಕಡೆಯವರು, ಮಧ್ಯವಯಸ್ಸಿನ ಗಂಡ ಹೆಂಡತಿ. ಮನೆ ಅವರಿಗೆ ಹಿಡಿಸಿತು. ಹಿತ್ತಲಿಗೆ ಬಂದಾಗ ಮಾತ್ರ ಆತ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಅಲ್ಲ ಮೇಡಂ, ಈ ಕಲ್ಲುಗಳನ್ನ ಯಾಕೆ ಇಷ್ಟು ಹತ್ತತ್ರ ಹಾಕ್ಸಿದಾರೆ? ಮನೇಲಿ ಚಿಕ್ಕ ಮಕ್ಕಳಿದ್ರಾ?"

"ಮಕ್ಕಳಿರ್ಲಿಲ್ಲ" ಎಂದೆ.

ಅಡುಗೆಮನೆ ಬಾಗಿಲಿನಿಂದ ತುಳಸಿಕಟ್ಟೆಯವರೆಗೆ ಒರಟು ಬಿಳಿ ಚಪ್ಪಡಿಯ ತುಂಡುಗಳು ಸಾಲಾಗಿ ಹೋಗುತ್ತವೆ. ನಡುನಡುವೆ ಗರಿಕೆ. ದೊಡ್ಡವರು ಸಾಮಾನ್ಯವಾಗಿ ಇಡುವ ಹೆಜ್ಜೆಗೆ ಅವು ತೀರಾ ಒತ್ತೊತ್ತು. ಸಾಲು ನೆಟ್ಟಗೂ ಇಲ್ಲ, ಒಂದು ಕಡೆ ಎಡಕ್ಕೆ ವಾಲಿ ಮತ್ತೆ ದಾರಿಗೆ ಬರುತ್ತದೆ. ಯಾಕೆ ಹಾಗೆ ಎನ್ನುವುದು ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಮಾತಲ್ಲ. ಆತನಿಗೆ ಹೇಳಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಪಕ್ಕದ ಮನೆಯ ಆ ಯಜಮಾನರನ್ನು ನಮ್ಮ ಬೀದಿಯವರೆಲ್ಲ ಇನ್ಸ್‌ಪೆಕ್ಟರು ಎನ್ನುತ್ತಿದ್ದರು. ಪೊಲೀಸರಲ್ಲ. ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ, ತಯಾರಾಗಿ ಬಂದ ಬಿಡಿಭಾಗಗಳ ಅಳತೆ ಸರಿಯಿದೆಯೇ ಇಲ್ಲವೇ ಎಂದು ನೋಡಿ ಒಳಗೆ ಬಿಡುವ ಅಥವಾ ಹಿಂದಕ್ಕೆ ಕಳಿಸುವ ಕೆಲಸ ಅವರದು. ಎಪ್ಪತ್ತರ ದಶಕದ ನಡುವಿನಲ್ಲಿ ಕೊಡಿಗೇಹಳ್ಳಿಯ ಅಂಚಿಗೆ ಹೊಸದಾಗಿ ಸೈಟು ಬಿದ್ದಾಗ ನಾವೂ ಅವರೂ ಹೆಚ್ಚುಕಡಿಮೆ ಒಟ್ಟಿಗೆ ಮನೆ ಕಟ್ಟಿಕೊಂಡು ಬಂದೆವು. ಆಗ ನಮ್ಮ ಬೀದಿ ಮುಗಿದರೆ ಮುಂದೆ ರಾಗಿ ಹೊಲ, ಅದರಾಚೆ ದ್ರಾಕ್ಷಿ ತೋಟ. ನನ್ನ ಯಜಮಾನರು ಬ್ಯಾಂಕಿನವರು, ವರ್ಗವಾದಲ್ಲೆಲ್ಲ ಹೋಗಿ ಶನಿವಾರಕ್ಕೆ ಬರುತ್ತಿದ್ದರು. ನಾನು ಯಲಹಂಕದ ಶಾಲೆಗೆ ಹೋಗಿ ಬಂದು, ಉಳಿದ ಹೊತ್ತು ಅಡುಗೆಮನೆ ಕಿಟಕಿಯಿಂದ ಪಕ್ಕದ ಹಿತ್ತಲು ನೋಡಿಕೊಂಡಿರುತ್ತಿದ್ದೆ. ನನಗೆ ಅವರ ವಿಷಯ ಗೊತ್ತಿರುವುದೆಲ್ಲ ಬಹುಮಟ್ಟಿಗೆ ಆ ಕಿಟಕಿಯ ಕೃಪೆ.

ಇನ್ಸ್‌ಪೆಕ್ಟರು ತುಂಬಾ ಎತ್ತರದ ಆಳು. ನಮ್ಮ ಮನೆಯ ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕಿತ್ತು. ಕಾಲು ಉದ್ದ, ನಡಿಗೆ ಬಲು ಬೀಸು. ಬೆಳಿಗ್ಗೆ ಕಾರ್ಖಾನೆಯ ಬಸ್ಸು ಹಿಡಿಯಲು ಹೊರಟರೆ ಅವರ ಜೊತೆಗೆ ಹೋಗುವವರು ಓಡಬೇಕು, ಇಲ್ಲವೇ ಹಿಂದುಳಿಯಬೇಕು. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ಕುಳ್ಳಗೆ, ದುಂಡಗೆ ಇದ್ದರು. ಇಬ್ಬರೂ ಪೇಟೆಗೆ ಹೊರಟರೆ ಮೊದಲು ಅವರು ಬೀದಿ ತಿರುವಿನಲ್ಲಿ ಮರೆಯಾಗುವುದು, ಎಷ್ಟೋ ಹೊತ್ತಿನ ಮೇಲೆ ಇವರು. ತಿರುವಿನಲ್ಲಿ ಆತ ಕಾದು ನಿಂತಿರುತ್ತಿದ್ದರಂತೆ. "ನಿಲ್ಲತಾರ, ಆದ್ರ ನಿಂತು ಗಡಿಯಾರ ನೋಡ್ತಾರ" ಎಂದು ಅಕ್ಕ ದೂರುತ್ತಿದ್ದರು.

ಅವರ ಅಂಗಿಯ ಜೇಬಿನಲ್ಲಿ ಸದಾ ಒಂದು ಉಕ್ಕಿನ ಪುಟ್ಟ ಸ್ಕೇಲು. ಜಗತ್ತಿನಲ್ಲಿ ಅವರಿಗೆ ಎರಡೇ ಜಾತಿ, ಒಂದು ಪಾಸ್, ಇನ್ನೊಂದು ರಿಜೆಕ್ಟ್. ನಮ್ಮ ಕಾಂಪೌಂಡ್ ಗೋಡೆ ಎದ್ದ ದಿನ ಬಂದು, ಒಂದು ಕಣ್ಣು ಮುಚ್ಚಿ ನೋಡಿ ಹೇಳಿದರು.

"ಟೀಚರ್‌ಬಾಯಾರ, ನಿಮ್ಮ ಗ್ವಾಡಿ ರಿಜೆಕ್ಟ್ ಆತು ನೋಡ್ರಿ."

"ನಿಂತಿದ್ಯಲ್ಲ ಇನ್ಸ್‌ಪೆಕ್ಟ್ರೇ, ಅಷ್ಟು ಸಾಕು."

"ನಿಂತದ ಖರೆ. ಸೊಟ್ಟ ನಿಂತದ."

ನನಗೆ ಮೈ ಉರಿದುಹೋಯಿತು. ಯುಗಾದಿಗೆ ಕೊಟ್ಟ ಒಬ್ಬಟ್ಟನ್ನೂ ಅವರು ತಟ್ಟೆಯಲ್ಲಿ ತಿರುಗಿಸಿ ಅಂಚು ನೋಡಿದ್ದುಂಟು. ತಿಂದ ಮೇಲೆ ಪಾಸ್ ಮಾಡಿದರು. ಇಂಥವರ ಜೊತೆ ಸಂಸಾರ ಮಾಡುವುದು ಹೇಗಕ್ಕಾ ಎಂದು ಒಮ್ಮೆ ಕೇಳಿಯೇಬಿಟ್ಟೆ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ನನ್ನ ಒಮ್ಮಿ ಪಾಸ್ ಮಾಡಿ ತಂದಾರವ್ವ, ಇನ್ನ ವಾಪಸ್ ಕಳಸಂಗಿಲ್ಲ" ಎಂದರು.

ಮನೆ ಮುಗಿದ ಮೇಲೆ ಹಿತ್ತಲಿಗೆ ಕಲ್ಲು ಹಾಸಿಸುವ ಮಾತು ಬಂತು. ಬೆಂಗಳೂರಿನಲ್ಲಿ ಹಿತ್ತಲೆಂದರೆ ಒಗೆಯುವ ಕಲ್ಲು, ನಲ್ಲಿ, ಒಂದು ಕರಿಬೇವಿನ ಗಿಡ, ಉಳಿದದ್ದು ಕೆಸರು. ಅವರಿಗೆ ಅದು ಸರಿಬರಲಿಲ್ಲ. ಅವರ ಊರು ಸೇಡಂ ಕಡೆಯ ಹಳ್ಳಿ, ನೆಲ ಅಗೆದರೆ ಹಾಳೆ ಹಾಳೆಯಾಗಿ ಶಹಾಬಾದ್ ಕಲ್ಲು ಏಳುವ ಜಾಗ. "ನಮ್ಮ ಕಡಿ ಗ್ವಾಡಿ ಕಟ್ಟೋದೂ ಇದರಾಗ, ಹಾಸೋದೂ ಇದರಾಗ, ಮ್ಯಾಲ ಹೊದಸೋದೂ ಇದರಾಗ" ಎಂದು ಹೆಮ್ಮೆಪಟ್ಟುಕೊಂಡು ಊರಿನಿಂದಲೇ ಲಾರಿಯಲ್ಲಿ ತರಿಸಿದರು. ನೀಲಿಬೂದು ಬಣ್ಣದ, ನುಣುಪಾದ, ನೋಡಲು ನಿಜಕ್ಕೂ ಚೆಂದದ ಕಲ್ಲು. ಎಲ್ಲ ಒಂದೇ ಅಳತೆಯ ಚೌಕ. ಎರಡು ಕಲ್ಲಿನ ನಡುವೆ ಗಡ್ಡ ಹೆರೆಯುವ ಬ್ಲೇಡು ತೂರಿಸಿ ನೋಡುವುದು, ತೂರಿದರೆ ಗಾರೆಯವನಿಗೆ ಕಿತ್ತು ಹಾಕಲು ಹೇಳುವುದು. ಗಾರೆಯವನು ಅವರು ಬಸ್ಸು ಹತ್ತುವುದನ್ನೇ ಕಾಯುತ್ತಿದ್ದ.

ಅಕ್ಕನಿಗೆ ಒಂದೇ ಕೊರತೆ. "ಇಡೀ ಹಿತ್ತಲಕ್ಕ ಕಲ್ಲ ಹಾಸಿಬಿಟ್ರ ಗರಿಕಿ ಎಲ್ಲಿ ಬರಬೇಕ್ರಿ?" ಎಂದರು. ಮಂಗಳವಾರ ಗಣಪತಿಗೆ ಗರಿಕೆ ಅವರ ಕೈಯಿಂದಲೇ ಆಗಬೇಕಿತ್ತು.

"ಗರಿಕಿ ಮಾರ್ಕೆಟ್‌ನ್ಯಾಗ ಸಿಗ್ತದ."

"ಮಣ್ಣಾಗ ಬರೋದನ್ನ ಮಾರ್ಕೆಟ್‌ನ್ಯಾಗ ತರೋದಾ?" ಎಂದು ಗೊಣಗಿ ಅಕ್ಕ ಒಳಗೆ ಹೋದರು. ಕಲ್ಲುಹಾಸಿನ ಆಚೆ ತುದಿಯಲ್ಲಿ ಅವರ ತುಳಸಿಕಟ್ಟೆ, ಬೆಳಿಗ್ಗೆ ಸ್ನಾನ ಮಾಡಿ ಬರಿಗಾಲಲ್ಲಿ ಹೋಗಿ ನೀರು ಹಾಕಿ ಸುತ್ತು ಬರುವುದು ಅವರ ಮೊದಲ ಕೆಲಸ. ತುಳಸಿ ಇರುವ ಹಿತ್ತಲಿಗೆ ಚಪ್ಪಲಿ ಮೆಟ್ಟಿಕೊಂಡು ಇಳಿಯುವುದು ಅವರ ಮನೆಯಲ್ಲಿ ಇರಲಿಲ್ಲ, ನಮ್ಮಲ್ಲೂ ಇಲ್ಲ.

ಮುಂದಿನ ಬೇಸಿಗೆಯಲ್ಲಿ ಅಕ್ಕ ಆ ಕಲ್ಲಿನ ಮೇಲೆ ಪಂಚೆ ಹಾಸಿ ಸಂಡಿಗೆ ಹಾಕಿದರು. ನಡುಮಧ್ಯಾಹ್ನದ ಬಿಸಿಲು. ಅವರು ಬರಿಗಾಲಲ್ಲಿ ನಿಧಾನವಾಗಿ ಓಡಾಡಿಕೊಂಡು, ನಿಂತು, ಬಗ್ಗಿ ಸಂಡಿಗೆ ಇಡುತ್ತಿದ್ದುದು ನನಗೆ ಕಿಟಕಿಯಿಂದ ಕಾಣುತ್ತಿತ್ತು.

"ಅಕ್ಕಾ, ಕಾಲು ಸುಡಲ್ವಾ?" ಎಂದು ಕೂಗಿದೆ.

"ಇಲ್ಲವ್ವಾ, ತಣ್ಣಗದ."

ಆ ಕಡೆಯ ಬಿಸಿಲು ಕಂಡವರ ಅಂಗಾಲು ಹೀಗೇ ಇರಬೇಕು ಎಂದುಕೊಂಡು ಒಗ್ಗರಣೆಗೆ ತಿರುಗಿದೆ. ಸಂಜೆ ಕಾರ್ಖಾನೆಯಿಂದ ಬಂದ ಇನ್ಸ್‌ಪೆಕ್ಟರು ನಡುಮನೆಯ ಕೆಂಪು ನೆಲದ ಮೇಲೆ ಒದ್ದೆ ಹೆಜ್ಜೆಗಳನ್ನು ನೋಡಿ, ಬಚ್ಚಲಿನಿಂದ ಹಾಗೇ ಬಂದೆಯಾ ಎಂದು ಹೆಂಡತಿಯನ್ನು ಗದರಿದರಂತೆ. ಅದು ಬಚ್ಚಲ ನೀರಲ್ಲ. ಎರಡೂ ಅಂಗಾಲು ಬೊಬ್ಬೆ ಬಂದು ಒಡೆದಿದ್ದವು. ಅಕ್ಕನಿಗೆ ಗೊತ್ತೇ ಆಗಿರಲಿಲ್ಲ.

ಅವರಿಗೆ ಸಕ್ಕರೆ ಕಾಯಿಲೆ ಇರುವುದು ಎಲ್ಲರಿಗೂ ತಿಳಿದಿತ್ತು. ಅದು ಪಾದದ ನರಗಳನ್ನು ಸದ್ದಿಲ್ಲದೆ ಕೊಂದುಹಾಕಿದೆ ಎನ್ನುವುದು ಆಸ್ಪತ್ರೆಗೆ ಹೋದ ಮೇಲೆ ತಿಳಿಯಿತು. ಗಾಯ ಮಾಯಲು ಬಹಳ ಕಾಲ ಹಿಡಿಯಿತು, ಎಡಗಾಲಿನ ಕಿರುಬೆರಳು ಹೋಯಿತು. ಇನ್ನೊಂದು ಸಲ ಹೀಗಾದರೆ ಬೆರಳಿಗೆ ನಿಲ್ಲುವುದಿಲ್ಲ, ಪಾದವನ್ನೇ ತೆಗೆಯಬೇಕಾಗಬಹುದು ಎಂದು ಡಾಕ್ಟರು ಹೇಳಿ ಕಳಿಸಿದರು.

ಆ ವಾರ ಇನ್ಸ್‌ಪೆಕ್ಟರು ನಮ್ಮ ಸೊಟ್ಟ ಗೋಡೆಯ ಆಚೆ ನಿಂತು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ಬ್ಯಾಸಗ್ಯಾಗ ಕಲ್ಲ ಸುಡ್ತದ ಅನ್ನೋದು ನಮ್ಮ ಕಡಿ ಕೂಸಿಗೂ ಗೊತ್ತದ್ರಿ ಬಾಯಾರ. ಯಾರೂ ಯಾರಿಗೂ ಹೇಳೋದಿಲ್ಲ. ಕಾಲೇ ಹೇಳ್ತದ, ಜಿಗದು ನೆರಳಿಗೆ ಓಡತೀವಿ. ಆಕಿ ಕಾಲು ಹೇಳೋದು ಬಿಟ್ಟಾವ ಅಂತ ನನಗ ಹೊಳೀಲೇ ಇಲ್ಲ. ದಿನಾ ಸಾವಿರ ಸಾಮಾನ ತಪಾಸ ಮಾಡ್ತೀನಿ, ಮನ್ಯಾಗಿನ ಕಾಲ ನೋಡ್ಲಿಲ್ಲ."

ಅವರು ಕಣ್ಣೀರು ಹಾಕಲಿಲ್ಲ. ಸ್ಕೇಲಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ ನಿಂತಿದ್ದರು. ನನಗೆ ಅವರ ಮೇಲೆ ಮೊದಲ ಸಲ ಅಯ್ಯೋ ಅನ್ನಿಸಿತು.

ಅಕ್ಕ ಎದ್ದು ಓಡಾಡುವಂತಾದ ಮೇಲೆ ನಿಜವಾದ ತಕರಾರು ಶುರುವಾಯಿತು. ಹಿತ್ತಲಿಗೆ ಚಪ್ಪಲಿ ಹಾಕಿಕೋ ಎಂದು ಇವರು, ಚಪ್ಪಲಿ ಕಾಲಲ್ಲಿ ತುಳಸಿಗೆ ನೀರು ಹಾಕುವುದಾ, ನಿಮ್ಮ ತಲೆ ನೆಟ್ಟಗಿದೆಯಾ ಎಂದು ಅವರು. ಚರ್ಮದ್ದಾದರೆ ತಾನೆ ಮೈಲಿಗೆ ಎಂದು ಇನ್ಸ್‌ಪೆಕ್ಟರು ಅವೆನ್ಯೂ ರಸ್ತೆಯಿಂದ ಮರದ ಹಾವುಗೆ ತಂದರು. ಅಕ್ಕ ಅದನ್ನು ಒಮ್ಮೆ ಮೆಟ್ಟಿ, "ನಾ ಏನ್ ಮಠದ ಸ್ವಾಮಿಗೋಳೇನ್ರಿ?" ಎಂದು ನಗುತ್ತ ಕಳಚಿಟ್ಟರು. ಅರಿವಿಲ್ಲದ ಬೆರಳಿಗೆ ಅದು ನಿಲ್ಲುತ್ತಲೂ ಇರಲಿಲ್ಲ. ತುಳಸಿಯನ್ನೇ ಬಾಗಿಲ ಹತ್ತಿರ ತಂದರಾಯಿತು ಎಂದರೆ, ನೆಟ್ಟು ಪೂಜೆ ಮಾಡಿದ್ದನ್ನು ಎಬ್ಬಿಸಬಾರದು. ನೀರು ನಾನೇ ಹಾಕುತ್ತೇನೆ ಬಿಡು ಎಂದರೆ, "ನೀವ್ ಹಾಕಿದ್ರ ನಿಮಗ ಪುಣ್ಯ ಬರ್ತದ, ನನಗೇನ್ ಬಂತು?" ಬೆಳಿಗ್ಗೆ ಬೇಗ ಹೋಗಿ ಬಂದುಬಿಡು ಎನ್ನುವ ಮಾತೂ ಆಯಿತು. ಹೂ ಕೀಳಲು, ಬಟ್ಟೆ ತೆಗೆಯಲು, ನನ್ನ ಜೊತೆ ಗೋಡೆಯ ಬಳಿ ಹರಟಲು ಅಕ್ಕ ಹಗಲೆಲ್ಲ ಹಿತ್ತಲಲ್ಲೇ ಇರುವವರು. ಅದನ್ನು ಬಿಡಿಸಿದರೆ ಅವರಿಗೆ ಬೇರೆ ಲೋಕವಿರಲಿಲ್ಲ.

ಇನ್ಸ್‌ಪೆಕ್ಟರು ಕೊನೆಗೆ ಕಾರ್ಖಾನೆಯಲ್ಲಿ ಮಾಡುವಂತೆ ವಿಷಯವನ್ನು ಬಿಡಿಸಿಟ್ಟರು. "ಕಾಲು ಬದಲ ಆಗೂದಿಲ್ಲ. ಚಪ್ಪಲಿ ಹಾಕ್ಕೊಳ್ಳೂದಿಲ್ಲ. ತುಳಸಿ ಸರಿಯೂದಿಲ್ಲ. ಉಳದದ್ದು ಕಲ್ಲ ಒಂದ." ಬಿಸಿಲಿಗೆ ಕಾಯದ, ಮಳೆಗೆ ಜಾರದ, ಅಂಚು ತಾಗಿ ಗೀರದ ಕಲ್ಲು ಬೇಕು. ಊರಿನಿಂದ ಹೆಮ್ಮೆಯಿಂದ ತರಿಸಿದ ಶಹಾಬಾದ್ ಕಲ್ಲನ್ನೆಲ್ಲ ಎಬ್ಬಿಸಿ ಹಾಕಿಸಿದರು. ಅದರಲ್ಲಿ ಒಂದಷ್ಟು ನಮ್ಮ ಬಚ್ಚಲಿಗೆ ಬಂತು, ಈಗಲೂ ಇದೆ.

ಆಮೇಲೆ ಅವರ ಹಿತ್ತಲ ಗೋಡೆಯ ಉದ್ದಕ್ಕೂ, ಸಿಮೆಂಟು ಬಳಿದ ಜಗಲಿಯ ಮೇಲೆ, ಒಂದೊಂದೇ ಜಾತಿಯ ಕಲ್ಲು ಬಂದು ಕೂರತೊಡಗಿತು. ಕಡಪದ ಕಪ್ಪು ಕಲ್ಲು, ತಾಂಡೂರಿನ ಹಳದಿ, ಮೊಸಾಯಿಕ್ ಬಿಲ್ಲೆ, ಸುಟ್ಟ ಇಟ್ಟಿಗೆ, ನದಿಯ ಗುಂಡುಕಲ್ಲು, ಯಲಹಂಕದಾಚೆಯ ಕಲ್ಲುಗಣಿಯ ಬಿಳಿ ಚಪ್ಪಡಿ. ಪರೀಕ್ಷೆ ಭಾನುವಾರ ಮಧ್ಯಾಹ್ನ. ಊಟ ಮುಗಿಸಿ, ಪಂಚೆ ಎತ್ತಿ ಕಟ್ಟಿ, ಆ ಎತ್ತರದ ಮನುಷ್ಯ ಬರಿಗಾಲಲ್ಲಿ ಒಂದೊಂದು ಕಲ್ಲಿನ ಮೇಲೂ ಹತ್ತಿ ನಿಲ್ಲುವರು. ಮುಖ ಕಿವುಚಿದರೂ ಇಳಿಯುತ್ತಿರಲಿಲ್ಲ. ಮೊದಲ ಸಲ ಇದನ್ನು ಕಂಡ ನಮ್ಮ ಹಾಲಿನವಳು ತಂಬಿಗೆ ಹಿಡಿದುಕೊಂಡೇ ನಿಂತುಬಿಟ್ಟಳು.

"ಅಮ್ಮಾ, ಆ ಅಯ್ಯಂಗೆ ಏನಾರಾ ಅರಕೆ ಐತಾ? ಉರಿಬಿಸ್ಲಾಗೆ ಇಂಗೆ ಬರಿಗಾಲಾಗೆ ಕಲ್ ಮ್ಯಾಲೆ ನಿಂತವ್ರಲ್ಲಾ!"

"ಹರಕೆ ಅಂತಾನೇ ಇಟ್ಕೋ" ಎಂದೆ.

ಸೋಮವಾರ ಅವರು ಬಸ್ಸಿಗೆ ಹೋಗುವಾಗ ಬೀಸು ನಡಿಗೆ ಹೋಗಿ ಕುಂಟು ನಡಿಗೆ ಬಂದಿರುತ್ತಿತ್ತು. ಬೀದಿಯವರು ಹಿಂದಿನಿಂದ ನಗುತ್ತಿದ್ದರು. ನಾನೂ ನಕ್ಕಿದ್ದೇನೆ, ಕಿಟಕಿಯ ಒಳಗೆ ನಿಂತು.

ಗಣಿಯ ಆ ಬಿಳಿ ಚಪ್ಪಡಿಯೊಂದನ್ನು ಬಿಟ್ಟರೆ ಕಲ್ಲು ಬರುತ್ತಿದ್ದದ್ದು ಯಶವಂತಪುರದ ಒಂದು ಅಂಗಡಿಯಿಂದ. ನಮ್ಮ ಒಲೆಕಟ್ಟೆಗೆ ಕಡಪ ಕಲ್ಲು ಬೇಕೆಂದು ನಾನೂ ನನ್ನ ಯಜಮಾನರೂ ಒಮ್ಮೆ ಅವರ ಜೊತೆ ಹೋಗಿದ್ದೆವು. ಅಂಗಡಿಯ ಸಾಹೇಬರು ಇವರನ್ನು ದೂರದಿಂದ ಕಂಡೊಡನೆ ತಲೆಯ ಟೋಪಿ ಸರಿಮಾಡಿಕೊಂಡು, "ಆವೋ ಇನ್ಸ್‌ಪೆಕ್ಟರ್ ಸಾಬ್, ಇವತ್ತು ಎಷ್ಟು ಕಲ್ಲು ಫೇಲ್ ಮಾಡ್ತೀರಿ?" ಎಂದರು. ಇವರು ಗೋಡೆಗೆ ಒರಗಿಸಿಟ್ಟ ಹಲಗೆಗಳನ್ನು ಬೆರಳ ಗಂಟಿನಿಂದ ಬಡಿದು, ಸದ್ದು ಕೇಳಿ, ಸ್ಕೇಲಿಟ್ಟು ನೋಡುತ್ತ ಸಾಲು ಹಿಡಿದು ಹೋದರು. ನಮಗಾಗಿ ಆರಿಸಿದ ಕಲ್ಲಿನ ಮೂಲೆಯಲ್ಲಿ ಕೂದಲೆಳೆಯ ಬಿರುಕು ಕಂಡು ಹಿಡಿದರು.

"ಅರೆ ಸಾಬ್, ಇದು ಒಲೆ ಪಕ್ಕ ಹಾಕೋ ಕಲ್ಲು, ವಿಮಾನಕ್ಕೆ ಹಾಕೋದಲ್ಲ."

"ಒಡಕ ಅಂದ್ರ ಒಡಕ. ಬ್ಯಾರೆ ಕೊಡ್ರಿ."

ಆಮೇಲೆ ತಮ್ಮ ವಿಷಯಕ್ಕೆ ಬಂದು, ಬಿಸಿಲಿಗೆ ಕಾಯದ ಕಲ್ಲು ಬಂದಿದೆಯೇ ಎಂದು ಕೇಳಿದರು. ಸಾಹೇಬರು ಕೈ ಮೇಲೆತ್ತಿದರು. "ಕಲ್ಲು ಬಿಸಿಲಲ್ಲಿ ಇಟ್ರೆ ಕಾಯ್ತದೆ ಸಾಬ್. ಅದು ಕಲ್ಲಿನ ಧರ್ಮ. ಕಾಯಬಾರ್ದು ಅಂದ್ರೆ ನೀವು ಐಸ್ ಕಂಪನಿಗೆ ಹೋಗ್ಬೇಕು, ನನ್ ಹತ್ರ ಯಾಕ್ ಬರ್ತೀರಿ?" ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಇನ್ಸ್‌ಪೆಕ್ಟರು ನಗಲಿಲ್ಲ. ಹೆಂಡತಿಯ ಕಾಲಿನ ಕಥೆಯನ್ನು ಅಲ್ಲೇ ನಿಂತು, ಕೆಟ್ಟ ಮಾಲಿನ ವರದಿ ಒಪ್ಪಿಸುವಂತೆ, ಮೊದಲಿನಿಂದ ಕೊನೆಯವರೆಗೆ ಹೇಳಿದರು. ಸಾಹೇಬರ ನಗು ನಿಂತಿತು. ಟೋಪಿ ತೆಗೆದು ಮತ್ತೆ ಹಾಕಿಕೊಂಡು, ಗೋದಾಮಿನ ಒಳಗೆ ಹೋಗಿ, ಇದ್ದಬದ್ದ ಜಾತಿಯ ತುಂಡುಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ ತಂದರು. "ನೋಡಿ, ಬೇಡದ್ದು ವಾಪಸ್ ತರೋದ್ ಬೇಡ. ಬಹೆನ್‌ಜೀಗೆ ನನ್ ಸಲಾಂ ಹೇಳಿ" ಎಂದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಆ ಗೋಣಿಚೀಲ ಎಲ್ಲರ ಕಾಲಿಗೂ ಅಡ್ಡವಾಗಿ, ಕಂಡಕ್ಟರನ ಬೈಗುಳ ನಮ್ಮ ಮೂವರಿಗೂ ಸಮನಾಗಿ ಬಿತ್ತು.

ಆ ತುಂಡುಗಳೂ ರಿಜೆಕ್ಟ್ ಆದವು. ಕಪ್ಪು ಕಲ್ಲು ಹೆಂಚಿನಂತೆ ಕಾಯುತ್ತಿತ್ತು, ಹಳದಿ ಕಲ್ಲು ಒದ್ದೆಯಾದರೆ ಜಾರುತ್ತಿತ್ತು, ಇಟ್ಟಿಗೆ ಮಳೆಗೆ ಪಾಚಿ ಕಟ್ಟಿತು. ಬಿಳಿ ಚಪ್ಪಡಿ ಜಾರುತ್ತಿರಲಿಲ್ಲ, ಕಪ್ಪಿನಷ್ಟು ಕಾಯುತ್ತಲೂ ಇರಲಿಲ್ಲ. ಆದರೂ ಕಾಯುತ್ತಿತ್ತು. ಮತ್ತೊಂದು ಬೇಸಿಗೆ ಬಂತು. ಅಷ್ಟೂ ಕಾಲ ಅಕ್ಕ ಹಿತ್ತಲಿಗೆ ಇಳಿಯುವುದಾದರೆ ಅವರು ಮುಂದೆ ಹೋಗಿ ಒದ್ದೆ ಗೋಣಿ ಹಾಸುತ್ತಿದ್ದರು, ಕಾರ್ಖಾನೆಗೆ ಹೋಗುವಾಗ ಹಿತ್ತಲ ಬಾಗಿಲಿಗೆ ಚಿಲಕ ಹಾಕಿಕೊಂಡು ಹೋಗುತ್ತಿದ್ದರು. ಚಿಲಕವೇನು ಬೀಗವಲ್ಲ. ಅಕ್ಕ ತೆಗೆಯಬಹುದಿತ್ತು, ತೆಗೆಯುತ್ತಿರಲಿಲ್ಲ. ನಾನು ಕಿಟಕಿಯಿಂದ ಕೂಗಿದರೆ ಒಳಗಿನಿಂದಲೇ ಓಗೊಡುತ್ತಿದ್ದರು. ಹರಟೆಯ ರುಚಿ ಹೋಯಿತು. ನನಗೂ ಬೇಜಾರಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಬಿಡುಗಡೆ ಸಿಕ್ಕಿದ್ದು ಹಿತ್ತಲ ಬಾಗಿಲ ಪಕ್ಕದ ನಲ್ಲಿಯ ಹತ್ತಿರ. ಅಲ್ಲಿ ನೀರು ಹರಿದು ಹರಿದು ಗರಿಕೆ ದಟ್ಟವಾಗಿ ಬೆಳೆದಿತ್ತು. ಜಗಲಿಯಲ್ಲಿ ಜಾಗವಿಲ್ಲವೆಂದು ಯಾವಾಗಲೋ ಬಿಳಿ ಚಪ್ಪಡಿಯ ಒಂದು ತುಂಡನ್ನು ಆ ಗರಿಕೆಯಲ್ಲಿ ಒಗೆದಿದ್ದರು. ಒಂದು ಭಾನುವಾರ ಇಟ್ಟಿಗೆಯ ಮೇಲೆ ನಿಂತು ಕಾಲು ಸುಟ್ಟುಕೊಂಡವರು ನಲ್ಲಿಯ ಕಡೆ ಜಿಗಿದು ಹೋಗಿ, ಅದರ ಮೇಲೆ ಕಾಲಿಟ್ಟು ಹಾಗೇ ನಿಂತುಬಿಟ್ಟರು. ಇಳಿದರು. ಮತ್ತೆ ಹತ್ತಿದರು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ನಾನು ಕಿಟಕಿಯಲ್ಲಿ.

"ಏನಾತ್ರಿ?" ಎಂದರು ಅಕ್ಕ.

"ತಣ್ಣಗದ."

"ಮತ್ತ? ಸಿಕ್ತಲ್ಲ!"

"ಸಿಗಲಿಲ್ಲ. ಇದು ಹುಲ್ಲಾಗ ಬಿದ್ದದ. ಉಳದದ್ದೆಲ್ಲ ಸಿಮೆಂಟಿನ ಮ್ಯಾಲ ಅವ. ಹಿಂಗ ತಪಾಸ ಮಾಡಿದ್ರ ಅದು ತಪಾಸ ಅಲ್ಲ. ರಿಜೆಕ್ಟ್."

ಹೀಗೆಂದು ಆ ಕಲ್ಲನ್ನು ಗರಿಕೆಯಿಂದ ಕಿತ್ತು, ಜಗಲಿಯ ಮೇಲೆ ಉಳಿದವುಗಳ ಪಕ್ಕ ಇಟ್ಟು, ಕಾಯಲೆಂದು ಬಿಟ್ಟು, ಕುರ್ಚಿ ಹಾಕಿಕೊಂಡು ಕೂತರು. ನನಗೆ ಗೋಡೆ ಹಾರಿ ಹೋಗಿ ಅವರ ತಲೆಗೆ ಮೊಟಕಬೇಕೆನ್ನಿಸಿತು. ಅಕ್ಕ ಬಾಗಿಲ ಮೆಟ್ಟಿಲಲ್ಲಿ ಕೂತು, ಕಲ್ಲು ಕಿತ್ತ ಜಾಗದಲ್ಲಿ ಅಂಗೈ ಇಟ್ಟು ನೋಡಿದರು. ಕಾಲಿಗೆ ತಿಳಿಯದ್ದು ಕೈಗೆ ತಿಳಿಯುತ್ತಿತ್ತು.

"ಅಲ್ರೀ, ಅದು ಹುಲ್ಲಾಗ ತಣ್ಣಗಿತ್ತು ಅಂದ್ರ ಹುಲ್ಲಾಗ ಇರಲಿ. ನಾ ಏನ್ ಸಿಮೆಂಟಿನ ಮ್ಯಾಲ ತುಳಸಿ ಇಟ್ಟೀನಾ?"

ಇನ್ಸ್‌ಪೆಕ್ಟರು ಕುರ್ಚಿಯಿಂದ ಎದ್ದರು. ಕಲ್ಲನ್ನು ಎತ್ತಿಕೊಂಡು ಹೋಗಿ, ಎಲ್ಲಿಂದ ಕಿತ್ತಿದ್ದರೋ ಅಲ್ಲೇ ಇಟ್ಟು, ಅದರ ಮೇಲೆ ನಿಂತುಕೊಂಡರು. ಅವರಿಗೆ ಅದು ಸುಲಭದ ಮಾತಾಗಿರಲಿಲ್ಲ. ನಡುವೆ ಬ್ಲೇಡು ಹೋಗಬಾರದು ಎನ್ನುತ್ತಿದ್ದವರು ಈಗ ಕಲ್ಲು ಕಲ್ಲಿನ ನಡುವೆ ಹುಲ್ಲು ಬೆಳೆಯುವಷ್ಟು ಸಂದು ಬಿಡಬೇಕಿತ್ತು. ಚೌಕವೂ ಇಲ್ಲ, ಸಾಲೂ ಇಲ್ಲ. ಉಳಿ ಗುರುತು ಬಿಟ್ಟ ಒರಟು ತುಂಡುಗಳು, ಸುತ್ತ ಒದ್ದೆ ಮಣ್ಣು, ಮಣ್ಣಿನ ತುಂಬ ಗರಿಕೆ. ಅಂಥದ್ದು ಕಾರ್ಖಾನೆಯಲ್ಲಿ ಅವರ ಮೇಜಿಗೆ ಬಂದಿದ್ದರೆ ಮುಟ್ಟುತ್ತಲೂ ಇರಲಿಲ್ಲ.

ಕಲ್ಲು ಎಲ್ಲೆಲ್ಲಿ ಕೂರಬೇಕು ಎನ್ನುವುದಕ್ಕೆ ಮಾತ್ರ ಅವರು ತಮ್ಮ ಪದ್ಧತಿ ಬಿಡಲಿಲ್ಲ. ಕಾಲು ಕಲ್ಲಿನ ನಡುಭಾಗದಲ್ಲೇ ಬೀಳಬೇಕು, ಅಂಚಿನ ಮೇಲೆ ಬಿದ್ದರೆ ಅಕ್ಕನಿಗೆ ಗೊತ್ತಾಗುವುದಿಲ್ಲ. ಒಂದು ಬೆಳಿಗ್ಗೆ ಹಿತ್ತಲನ್ನು ಗುಡಿಸಿ, ನೀರು ಚಿಮುಕಿಸಿ, ಮೆತ್ತಗೆ ಮಾಡಿ, ತುಳಸಿಗೆ ಹೋಗುವಂತೆ ದಿನದ ನಡಿಗೆಯಲ್ಲಿ ಹೋಗಿ ಬಾ ಎಂದು ಹೆಂಡತಿಗೆ ಹೇಳಿದರು. ಅಕ್ಕ ತಂಬಿಗೆ ಹಿಡಿದು ಹೊರಟರು. ಹಿಂದೆ ಇವರು ರಂಗೋಲಿ ಬಟ್ಟಲು ಹಿಡಿದು, ಕುಕ್ಕರುಗಾಲಲ್ಲಿ ಸರಿಯುತ್ತ, ಮಣ್ಣಲ್ಲಿ ಮೂಡಿದ ಒಂದೊಂದು ಪಾದದ ಸುತ್ತಲೂ ಬಿಳಿ ಗೆರೆ ಎಳೆದರು. ನಾನು ಕಿಟಕಿಯಿಂದ, "ಏನ್ ಇನ್ಸ್‌ಪೆಕ್ಟ್ರೇ, ಕೃಷ್ಣಾಷ್ಟಮಿ ಇನ್ನೂ ದೂರ ಇದ್ಯಲ್ಲ?" ಎಂದೆ. ಅವರು ತಲೆ ಎತ್ತಲಿಲ್ಲ. ಅಕ್ಕ ನಗು ತಡೆಯಲಾರದೆ ನಡುದಾರಿಯಲ್ಲಿ ಎಡಕ್ಕೆ ವಾಲಿದರು. ಆ ವಾಲಿದ ಹೆಜ್ಜೆಗೂ ಗೆರೆ ಬಿತ್ತು.

"ಅದನ್ನ ಅಳಸ್ರಿ, ನಾ ನಕ್ಕು ತಪ್ಪಿಟ್ಟೆ."

"ನಾಳೆ ಮತ್ತ ನಗತೀದಿ. ಇರಲಿ."

ಸಂಜೆಯೊಳಗೆ ಪ್ರತಿ ಗೆರೆಯ ಮೇಲೂ ಗಣಿಯಿಂದ ತರಿಸಿದ ಒಂದು ಬಿಳಿ ಕಲ್ಲು ಕೂತಿತು. ಅಕ್ಕ ನಡೆದು ನೋಡಿ, ತುಳಸಿಯ ಹತ್ತಿರ ನಿಂತು, ಗಂಡನ ದನಿಯನ್ನೇ ಅಣಕಿಸಿ "ಪಾಸ್" ಎಂದರು. ಹುಲ್ಲು ತುಂಬಿಕೊಳ್ಳಲು ಒಂದು ಮಳೆಗಾಲ ಸಾಕಾಯಿತು. ಅಂದಿನಿಂದ ಬಸ್ಸಿಗೆ ಹೋಗುವ ಮೊದಲು ಆ ಗರಿಕೆಗೆ ನೀರು ಬಿಡುವುದು ಅವರ ಕೆಲಸ. ಚಿಲಕ ಹೋಯಿತು, ನಮ್ಮ ಗೋಡೆಯ ಹರಟೆ ಮತ್ತೆ ಶುರುವಾಯಿತು. ಯಶವಂತಪುರದ ಸಾಹೇಬರು ಒಂದು ಶುಕ್ರವಾರ ನಮಾಜು ಮುಗಿಸಿಕೊಂಡು ತಾವೇ ಬಂದು, ಹಿತ್ತಲು ನೋಡಿ, ತಮ್ಮ ಅಂಗಡಿಯ ಒಂದು ಕಲ್ಲೂ ಇಲ್ಲದ್ದಕ್ಕೆ ಬೇಸರಪಟ್ಟುಕೊಳ್ಳದೆ ಕಾಫಿ ಕುಡಿದು ಹೋದರು.

ಅಕ್ಕ ಆಮೇಲೆ ಹಲವು ವರ್ಷ ಬದುಕಿದರು. ಹೋದದ್ದು ಎದೆನೋವಿನಿಂದ, ಎಂಬತ್ತರ ದಶಕದ ನಡುವಿನ ಒಂದು ಕಾರ್ತಿಕದಲ್ಲಿ. ಮುತ್ತೈದೆಯಾಗಿ ಹೋದವರ ಪಾದಕ್ಕೆ ಅರಿಶಿನ ಹಚ್ಚಲು ಹೆಂಗಸರನ್ನು ಕರೆದರು, ನಾನೂ ಕೂತೆ. ಹಚ್ಚುತ್ತಿದ್ದಾಗ ಬಾಗಿಲಲ್ಲಿ ನೆರಳಾಯಿತು. ಇನ್ಸ್‌ಪೆಕ್ಟರು ತಲೆ ತಗ್ಗಿಸಿ ಹೊಸ್ತಿಲಾಚೆ ನಿಂತಿದ್ದರು.

"ಬಾಯಾರ, ಅಂಗಾಲ ನೋಡಿದ್ರೇನ್ರಿ?"

"ನೋಡ್ದೆ."

"ಗಾಯ?"

"ಏನೂ ಇಲ್ಲ. ಚೆನ್ನಾಗಿದೆ."

ಅವರು ತಲೆಯಾಡಿಸಿ ಹೊರಗೆ ಹೋದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ನಾನು ಆಗ ಅತ್ತೆ.

ಮುಂದೆ ಅವರು ನಿವೃತ್ತರಾದರು. ಗುಲ್ಬರ್ಗಾಕ್ಕೆ ಬಾ ಎಂದು ತಮ್ಮ ಕರೆದರೂ ಹೋಗಲಿಲ್ಲ. ತುಳಸಿಗೆ ನೀರು ಹಾಕುವ ಕೆಲಸ ಅವರಿಗೆ ಬಂತು. ಪುಣ್ಯ ಯಾರ ಲೆಕ್ಕಕ್ಕೆ ಹೋಗುತ್ತಿತ್ತೋ ನನಗೆ ತಿಳಿಯದು. ಬೆಳಿಗ್ಗೆ ನಾನು ಹಾಲು ಕಾಯಿಸುವ ಹೊತ್ತಿಗೆ ಅವರು ಒದ್ದೆ ಪಂಚೆಯಲ್ಲಿ, ಬರಿಗಾಲಲ್ಲಿ, ತಂಬಿಗೆ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಅಷ್ಟುದ್ದದ ಕಾಲು ಮಡಿಸಿದಂತೆ ಮಾಡಿಕೊಂಡು, ಗಿಡ್ಡ ಹೆಜ್ಜೆ ಇಡುತ್ತ ಕಲ್ಲಿನಿಂದ ಕಲ್ಲಿಗೆ ಹೋಗುವರು. ಒಂದು ಕಡೆ ಎಡಕ್ಕೆ ವಾಲಿ ಮತ್ತೆ ದಾರಿಗೆ ಬರುವರು. ವಯಸ್ಸಾದ ಮೇಲೆ ಮಂಡಿನೋವು ಬೇರೆ. ನೋಡಲಾರದೆ ಒಂದು ದಿನ ಗೋಡೆಯ ಬಳಿ ಹೋಗಿ ಹೇಳಿದೆ.

"ಇನ್ಸ್‌ಪೆಕ್ಟ್ರೇ, ಆ ಕಲ್ಲುಗಳನ್ನ ಸ್ವಲ್ಪ ದೂರ ದೂರ ಹಾಕ್ಸ್ಕೊಳ್ಳಿ. ನಿಮ್ ಕಾಲಿಗೆ ಅವು ಸರಿಹೋಗಲ್ಲ."

"ಬ್ಯಾಡ್ರಿ ಬಾಯಾರ" ಎಂದರು. "ಈಗ ನನಗೇನ್ ಅವಸರದ?"

ಹೋದ ಭಾನುವಾರ ರಾಜಾಜಿನಗರದ ಆತ, ತುಳಸಿಕಟ್ಟೆ ಗಟ್ಟಿಯಾಗಿದೆಯೇ ಎಂದು ನೋಡಲು ಅದರ ಕಡೆ ನಡೆದರು. ಅವರು ಅಂಥ ಎತ್ತರದವರೇನಲ್ಲ. ಆದರೂ ಸಹಜವಾಗಿ ಒಂದು ಕಲ್ಲು ಬಿಟ್ಟು ಒಂದರ ಮೇಲೆ ಕಾಲಿಟ್ಟುಕೊಂಡು ಹೋದರು, ಹಾಗೇ ವಾಪಸ್ಸು ಬಂದರು. ಯಾರಾದರೂ ಹಾಗೇ ಹೋಗುತ್ತಾರೆ. ನಾನು ಆ ಕಿಟಕಿಯಲ್ಲಿ ನಿಂತು ನೋಡಿದ ಅಷ್ಟೂ ಬೆಳಗುಗಳಲ್ಲಿ ಇನ್ಸ್‌ಪೆಕ್ಟರು ಒಂದು ಕಲ್ಲನ್ನೂ ಬಿಟ್ಟು ದಾಟಿದ್ದನ್ನು ಕಾಣಲಿಲ್ಲ.